ಒಂದು ಮೀನು, ಮುನ್ನೂರೆಂಬತ್ತು ವರ್ಷದ ಕಾನೂನು

ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬೇಡಿ ಅಂತ 1639ರಲ್ಲೇ ಒಂದು ಕಾನೂನು ಬಂದಿತ್ತು ಅಂದ್ರೆ ನಂಬ್ತೀರಾ? ಬಂದಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಅದಿನ್ನೂ ಇಂಗ್ಲಿಷರ ವಸಾಹತಾಗಿದ್ದಾಗ. ಆ ಕಾನೂನು ಹೇಳಿದ್ದು ಎರಡು ಮೀನಿನ ಬಗ್ಗೆ: ಒಂದು ಕಾಡ್, ಇನ್ನೊಂದು ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈ ಮೇಲೆ ಉದ್ದಕ್ಕೂ ಏಳೆಂಟು ಕಪ್ಪು ಗೆರೆ. ಕಡಲಲ್ಲಿ ಬೆಳೆದರೂ ಮೊಟ್ಟೆ ಇಡೋಕೆ ನದಿಗೇ ಬರಬೇಕು. 1670ರಲ್ಲಿ ಪಕ್ಕದ ಪ್ಲಿಮತ್ ವಸಾಹತಿನವರು ಈ ಬಾಸ್ ಮತ್ತಿತರ ಮೀನುಗಳಿಂದ ಬಂದ ಹಣದಲ್ಲಿ ಶಾಲೆ ನಡೆಸೋಕೆ ಹೊರಟರು!

ಬಾಸ್ ದಡ ಬಿಟ್ಟು ತುಂಬಾ ದೂರ ಹೋಗಲ್ಲ, ಬಂಡೆಗಳ ಸಂದಿಯಲ್ಲೇ ಓಡಾಡುತ್ತೆ. ಹಾಗಾಗಿ ಇದು ಸಣ್ಣ ದೋಣಿಯವರ ಮೀನು. 1864ರಲ್ಲಿ ಕಟಿಹಂಕ್ ದ್ವೀಪದಲ್ಲಿ ಶ್ರೀಮಂತರು ಒಂದು ಕ್ಲಬ್ಬು ಕಟ್ಟಿ, ಬಂಡೆಗಳ ಮೇಲೆ ಮರದ ಅಟ್ಟಣೆ ಹಾಕಿಸಿ, ಲಾಬ್‌ಸ್ಟರನ್ನು ಗಾಳಕ್ಕೆ ಸಿಕ್ಕಿಸಿ ಕೂರುತ್ತಿದ್ದರು. ಆದರೆ 1913ರಲ್ಲಿ ಅಲ್ಲೇ ಹತ್ತಿರ 73 ಪೌಂಡಿನ ದಾಖಲೆ ಮೀನು ಸಿಕ್ಕಿದ್ದು ಚಾರ್ಲ್ಸ್ ಚರ್ಚ್ ಅನ್ನುವವರಿಗೆ, ಸಣ್ಣ ದೋಣಿಯಲ್ಲಿ.

ಬಾಸ್ ಇರೋ ಕಡೆ ಬೇಸಿಗೆಯಲ್ಲಿ ಬ್ಲೂಫಿಶ್ ಕೂಡ ಬರುತ್ತೆ. ಇದರ ಹಲ್ಲು ಎಷ್ಟು ಚೂಪು ಅಂದ್ರೆ, ಗಾಳದ ತುದಿಗೆ ಲೋಹದ ತಂತಿ ಕಟ್ಟದಿದ್ದರೆ ದಾರವನ್ನೇ ಕತ್ತರಿಸಿಬಿಡುತ್ತೆ. ನೀರಿನ ಮೇಲೆ ಹಕ್ಕಿಗಳು ಮುಗಿಬಿದ್ದಿದ್ದರೆ ಕೆಳಗೆ ಬ್ಲೂಫಿಶ್ ಹಿಂಡು ಚಿಕ್ಕ ಮೀನುಗಳನ್ನು ಕೊಚ್ಚುತ್ತಿರಬಹುದು. ಅನುಭವಿಗಳು ಎಂಜಿನ್ ಆರಿಸಿ, ಅಂಚಿನಲ್ಲೇ ನಿಂತು, ಗಾಳವನ್ನು ಆಳಕ್ಕೆ ಬಿಡುತ್ತಾರೆ. ಚೂರುಪಾರು ತಿನ್ನೋಕೆ ಬಾಸ್ ಅಡಿಯಲ್ಲಿ ಕಾಯ್ತಾ ಇರುತ್ತಲ್ಲ!

ಈ ಬ್ಲೂಫಿಶ್ ಹೇಳದೆ ಕೇಳದೆ ಮಾಯವಾಗೋದೂ ಉಂಟು. 1764ರಲ್ಲಿ ನ್ಯಾಂಟಕೆಟ್ ದ್ವೀಪದ ಸುತ್ತ ಕಾಣೆಯಾದದ್ದು ತಿರುಗಿ ಬಂದಿದ್ದು ಮುಂದಿನ ಶತಮಾನದಲ್ಲಿ. 1871ರಲ್ಲಿ ಅಮೆರಿಕದ ಮೀನು ಆಯೋಗ ಶುರುವಾದಾಗ, ಕರಾವಳಿಯ ಮೀನು ಕಡಿಮೆಯಾಗಿದ್ದಕ್ಕೆ ಬಲೆಗಳ ಜೊತೆ ಬ್ಲೂಫಿಶ್‌ನ ಹೊಟ್ಟೆಬಾಕತನವನ್ನೂ ಸ್ಪೆನ್ಸರ್ ಬೇರ್ಡ್ ಆರೋಪಿಗಳ ಪಟ್ಟಿಗೆ ಸೇರಿಸಿದರು.

ಬಾಸ್‌ನ ವಿಷಯದಲ್ಲಿ ಮಾತ್ರ ಮುಖ್ಯ ಆರೋಪಿ ಮನುಷ್ಯನೇ. ಮಾರಾಟಕ್ಕೆ ಹಿಡಿದ ಬಾಸ್ 1973ರಲ್ಲಿ ಸುಮಾರು ಒಂದೂವರೆ ಕೋಟಿ ಪೌಂಡ್ ಇತ್ತು. 1983ರ ಹೊತ್ತಿಗೆ ಅದು 35 ಲಕ್ಷಕ್ಕೆ ಇಳಿಯಿತು. 1984ರಲ್ಲಿ ಸಂಸತ್ತು ಕಾನೂನು ಮಾಡಿತು. 1985ರಲ್ಲಿ, ಬಾಸ್‌ನ ಮುಖ್ಯ ತವರಾದ ಚೆಸಪೀಕ್ ಕೊಲ್ಲಿಯ ಮೇರಿಲ್ಯಾಂಡ್ ರಾಜ್ಯ ಪೂರ್ತಿ ನಿಷೇಧ ಹಾಕಿತು. ಬಲೆಯವರಿಗೂ ಇಲ್ಲ, ಗಾಳದವರಿಗೂ ಇಲ್ಲ. ಈ ಮೀನನ್ನೇ ನಂಬಿದ್ದವರಿಗೆ ಐದು ವರ್ಷ ಅಂದ್ರೆ ಸುಮ್ಮನೆ ಅಲ್ಲ. ಆದರೆ ಹೆಣ್ಣು ಬಾಸ್ ಮೊಟ್ಟೆ ಇಡೋ ಹಾಗೆ ಬೆಳೆಯೋಕೆ ಹೆಚ್ಚುಕಮ್ಮಿ ಅಷ್ಟೇ ಕಾಲ ಬೇಕು. 1989ರಲ್ಲಿ ಮರಿಗಳು ಭರ್ಜರಿಯಾಗಿ ಬಂದವು. 1990ರಲ್ಲಿ ನಿಷೇಧ ಸಡಿಲವಾಯಿತು. 1995ರಲ್ಲಿ ಬಾಸ್ ಚೇತರಿಸಿಕೊಂಡಿದೆ ಅಂತ ಘೋಷಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2019ರ ವರದಿ, ಬಾಸ್ ಸಂಖ್ಯೆ ಮತ್ತೆ ಅಪಾಯದ ಗೆರೆಗಿಂತ ಕೆಳಗಿಳಿದಿದೆ ಅಂತ ಹೇಳಿತು. 2023ರಲ್ಲಿ, ಕಡಲಲ್ಲಿ ಗಾಳ ಹಾಕುವವರು 31 ಇಂಚಿಗಿಂತ ದೊಡ್ಡದನ್ನು ಇಟ್ಟುಕೊಳ್ಳುವಂತಿಲ್ಲ ಅನ್ನೋ ತುರ್ತು ನಿಯಮ ಬಂತು. 2011ರಲ್ಲಿ ಗ್ರೆಗ್ ಮೈಯರ್ಸನ್ ದೋಣಿಯಿಂದ ಹಿಡಿದ 81.88 ಪೌಂಡಿನ ವಿಶ್ವದಾಖಲೆ ಮೀನು ಈ ನಿಯಮದಡಿ ಸಿಕ್ಕಿದ್ದರೆ ನೀರಿಗೇ ವಾಪಸ್!

ಈ ಸಲ ತೊಡಕು ಬೇರೆ ಥರ. ಮೇರಿಲ್ಯಾಂಡ್‌ನವರು ಪ್ರತಿ ವರ್ಷ ಬಲೆ ಎಳೆದು ಮರಿ ಎಣಿಸುತ್ತಾರೆ. ಸರಾಸರಿ ಸೂಚ್ಯಂಕ 11ರ ಆಸುಪಾಸು ಇದ್ದರೆ 2023ರಲ್ಲಿ ಬಂದಿದ್ದು ಬರೀ 1. ಚಳಿಗಾಲ ಬೆಚ್ಚಗಾಗಿ, ನದಿಯಲ್ಲಿ ನೀರು ಕಡಿಮೆಯಾದರೆ ಮರಿಗಳು ಉಳಿಯಲ್ಲ ಅಂತಾರೆ ವಿಜ್ಞಾನಿಗಳು. ಹಿಡಿಯೋದು ನಿಲ್ಲಿಸಿದರೂ ಹವಾಮಾನ ನಮ್ಮ ಮಾತು ಕೇಳುತ್ತಾ, ಮತ್ತ್ಯಾಕೆ ಈ ನಿಯಮ ಅಂತ ಕೇಳುವವರೂ ಇದ್ದಾರೆ.

ನನಗನ್ನಿಸೋದು ಇಷ್ಟು. 1989ರ ಒಳ್ಳೆ ನೀರನ್ನು ಯಾವ ಕಾನೂನೂ ತಂದಿದ್ದಲ್ಲ. ಆದರೆ ಅದು ಬಂದಾಗ ನದಿಯಲ್ಲಿ ತಾಯಿಮೀನುಗಳು ಇದ್ದವು. ಕಾನೂನು ಮಾಡಿದ ಕೆಲಸ ಅದು.