ಪ್ರಿಮಾಕ್ವಿನ್ ಔಷಧವೂ ರಕ್ತಪರೀಕ್ಷೆಯೂ

ಒಂದೇ ರೋಗಕ್ಕೆ ಒಂದೇ ಪ್ರಮಾಣದಲ್ಲಿ ಕೊಟ್ಟ ಔಷಧವು ಒಬ್ಬನಿಗೆ ಆರೋಗ್ಯವನ್ನೂ ಮತ್ತೊಬ್ಬನಿಗೆ ಅಪಾಯವನ್ನೂ ಉಂಟುಮಾಡುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ರೋಗಿಯಲ್ಲಿ ಪರೀಕ್ಷಿಸತಕ್ಕ ಹತ್ತು ವಿಷಯಗಳನ್ನು ಹೇಳಿ, ಪ್ರಕೃತಿಯನ್ನು ಮೊದಲಲ್ಲಿ ಇರಿಸಿದೆ. ಇದರಿಂದ ಇಂದಿನ ವಂಶವಾಹಿಪರೀಕ್ಷೆಯೂ ಪ್ರಾಚೀನರಿಗೆ ತಿಳಿದಿದ್ದಿತೆಂದು ಸಾಧಿಸುವುದು ಅತಿವ್ಯಾಪ್ತಿಯೇ ಸರಿ. ಪ್ರಕೃತಿಯು ಲಕ್ಷಣಗಳಿಂದ ಊಹಿಸತಕ್ಕುದು. ಯಾವ ಬಾಹ್ಯಲಕ್ಷಣದಿಂದಲೂ ತೋರದ ಭೇದವೊಂದನ್ನು ರಕ್ತಕಣದಲ್ಲಿ ಕಂಡುಹಿಡಿದ ಚರಿತ್ರೆಯು ಬೇರೆಯಾದುದು.

ಆ ಚರಿತ್ರೆಗೆ ಮಲೇರಿಯಾ ಜ್ವರವೇ ಮೂಲ. ವಿವ್ಯಾಕ್ಸ್ ಎಂಬ ಜಾತಿಯ ಮಲೇರಿಯಾಕ್ರಿಮಿಯು ಯಕೃತ್ತಿನಲ್ಲಿ ಅಡಗಿದ್ದು, ಜ್ವರವು ಬಿಟ್ಟು ತಿಂಗಳುಗಳು ಕಳೆದ ಮೇಲೆ ಮರಳಿ ತಲೆಯೆತ್ತುತ್ತದೆ. ಅಡಗಿದ ಕ್ರಿಮಿಯನ್ನು ಕ್ವಿನೈನು ಮುಟ್ಟಲಾರದು. 1920ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಪಾಮಾಕ್ವಿನ್ ಅದನ್ನು ಮುಟ್ಟಬಲ್ಲುದಾಗಿದ್ದಿತು. ಆದರೆ ಸೇವಿಸಿದವರಲ್ಲಿ ಕೆಲವರ ಕೆಂಪು ರಕ್ತಕಣಗಳು ಒಡೆದು, ಮೂತ್ರವು ಕಪ್ಪಾಗಿ, ಪ್ರಾಣಕ್ಕೇ ಸಂಚಕಾರವೊದಗುತ್ತಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮೇಲಾದ ಮದ್ದನ್ನು ಅರಸುತ್ತ, 1944ರಲ್ಲಿ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ಶಿಕಾಗೋ ವಿಶ್ವವಿದ್ಯಾನಿಲಯದ ಆಲ್ವಿಂಗ್ ಎಂಬ ವೈದ್ಯರು ಇವುಗಳ ಮುಖಂಡರು. ಕೈದಿಗಳು ಒಪ್ಪಿಗೆಯಿತ್ತಿದ್ದರೆಂಬುದು ನಿಜ. ಆದರೆ ಸೆರೆಯಲ್ಲಿರುವವನ ಒಪ್ಪಿಗೆಗೆ ಎಷ್ಟು ಬೆಲೆ? ನ್ಯೂರೆಂಬರ್ಗ್ ನಗರದ ವಿಚಾರಣೆಯಲ್ಲಿ ಜರ್ಮನ್ ವೈದ್ಯರ ಪಕ್ಷದವರು ಸ್ಟೇಟ್‌ವಿಲ್ಲಿನ ಈ ಪ್ರಯೋಗಗಳನ್ನೇ ಎತ್ತಿ ತೋರಿಸಿದರು.

ಹೀಗೆ ಪರೀಕ್ಷಿತವಾದ ಪ್ರಿಮಾಕ್ವಿನ್ ಕೊರಿಯಾ ಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ದಿನಕ್ಕೆ 15 ಮಿಲಿಗ್ರಾಮಿನಂತೆ 14 ದಿನ ಕೊಡಲ್ಪಟ್ಟಿತು. ನೀಗ್ರೋ ವಂಶದವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಅದು ಒಗ್ಗಲಿಲ್ಲ. ದೋಷವು ಔಷಧದಲ್ಲಿಯೋ, ದೇಹದಲ್ಲಿಯೋ, ರಕ್ತದಲ್ಲಿಯೋ? 1954ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ಅಂದವಾಗಿ ಬಿಡಿಸಿತು. ಒಗ್ಗದವನ ರಕ್ತಕಣಗಳಿಗೆ ವಿಕಿರಣಶೀಲ ಕ್ರೋಮಿಯಮ್ಮಿನ ಗುರುತು ಹಾಕಿ ಒಗ್ಗುವವನ ದೇಹದಲ್ಲಿ ಸೇರಿಸಿ ಮದ್ದನ್ನಿತ್ತರೆ, ಆ ಕಣಗಳು ಮಾತ್ರ ನಾಶವಾದುವು. ಒಗ್ಗುವವನ ಕಣಗಳಾದರೋ ಒಗ್ಗದವನ ದೇಹದಲ್ಲಿಯೂ ಕ್ಷೇಮವಾಗಿದ್ದುವು. ಆದುದರಿಂದ ದೋಷವು ಕಣದೊಳಗೇ ಇದ್ದಿತು. 1956ರಲ್ಲಿ ಕಾರ್ಸನ್ ಮೊದಲಾದವರು ಅಂತಹ ಕಣಗಳಲ್ಲಿ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆಯಿರುವುದನ್ನು ತೋರಿಸಿದರು. ಮರುವರ್ಷವೇ ಮೋಟುಲ್ಸ್ಕಿಯವರು ಔಷಧದ ವೈಷಮ್ಯಕ್ಕೂ ಆನುವಂಶಿಕತೆಗೂ ಇರುವ ಸಂಬಂಧವನ್ನು ವಿವರಿಸಿದರು; 1959ರಲ್ಲಿ ಜರ್ಮನಿಯ ಫೋಗೆಲ್ ಈ ಶಾಸ್ತ್ರಕ್ಕೆ ಫಾರ್ಮಕೋಜೆನೆಟಿಕ್ಸ್ ಎಂಬ ಹೆಸರಿಟ್ಟರು.

ಇಲ್ಲಿ ವಿಚಾರಾರ್ಹವಾದುದು ವಂಶದ ಹೆಸರು. ನೂರರಲ್ಲಿ ಹತ್ತು ಮಂದಿಗೆ ದೋಷವೆಂದರೆ ಉಳಿದ ತೊಂಬತ್ತು ಮಂದಿ ನಿರ್ದೋಷಿಗಳು. ಮೆಡಿಟರೇನಿಯನ್ ತೀರದವರಲ್ಲಿಯೂ ಭಾರತದ ಅನೇಕ ಜನಸಮುದಾಯಗಳಲ್ಲಿಯೂ ಇದೇ ಕೊರತೆಯುಂಟು. ಹೀಗೆ ಎರಡು ಕಡೆಯೂ ತಪ್ಪುವ ಹೇತುವನ್ನು ತಾರ್ಕಿಕರು ವ್ಯಭಿಚಾರಿಯೆನ್ನುತ್ತಾರೆ. ವಿವ್ಯಾಕ್ಸ್ ಜ್ವರಕ್ಕೆ ಬಹುಕಾಲ ಹೆಸರಾಗಿದ್ದ ಮಂಗಳೂರಿನಲ್ಲಿ 14 ದಿನದ ಪ್ರಿಮಾಕ್ವಿನ್ ಸೇವಿಸುವ ರೋಗಿಯ ವಿಷಯದಲ್ಲಿಯೂ ಅವನ ಕುಲವನ್ನು ಕೇಳಿ ಫಲವಿಲ್ಲ. ಅವನ ರಕ್ತವನ್ನೇ ನೋಡಬೇಕು.

ಪ್ರಿಮಾಕ್ವಿನ್ ವಿಷಯದಲ್ಲಿ ಮೂತ್ರವು ಕಪ್ಪಾದೊಡನೆ ಮದ್ದನ್ನು ನಿಲ್ಲಿಸುವ ಅವಕಾಶವಾದರೂ ಇದೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಾಫೆನೋಕ್ವಿನ್ ಒಂದೇ ಸಲದ ಔಷಧವಾದುದರಿಂದಲೂ ದೇಹದಲ್ಲಿ ಬಹುದಿನ ನಿಲ್ಲುವುದರಿಂದಲೂ, ನುಂಗಿದ ಮೇಲೆ ಹಿಂದೆಗೆಯುವಂತಿಲ್ಲ. ಆದಕಾರಣ ಅದಕ್ಕೆ ಪೂರ್ವಪರೀಕ್ಷೆಯು ಕಡ್ಡಾಯ. ಈ ಕಿಣ್ವದ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಪುರುಷರಲ್ಲಿ ಕೊರತೆಯು ಸ್ಪಷ್ಟ. ಒಂದು ವರ್ಣತಂತುವಿನಲ್ಲಿ ಮಾತ್ರ ದೋಷವಿರುವ ಸ್ತ್ರೀಯರಲ್ಲಿ ಒಳ್ಳೆಯ ಕಣಗಳೂ ದುರ್ಬಲ ಕಣಗಳೂ ಬೆರೆತಿರುತ್ತವೆ. ಉಂಟು, ಇಲ್ಲವೆಂದಷ್ಟೇ ಹೇಳುವ ಪರೀಕ್ಷೆಯು ಇವರಲ್ಲಿ ಅನೇಕರನ್ನು ನಿರ್ದೋಷಿಗಳೆಂದೇ ಎಣಿಸಿಬಿಡುವುದು. ಆದುದರಿಂದ ಟಾಫೆನೋಕ್ವಿನ್ ಕೊಡುವ ಮೊದಲು ಕಿಣ್ವದ ಶಕ್ತಿಯನ್ನು ಅಳೆದು, ಅದು ಸಾಮಾನ್ಯ ಪ್ರಮಾಣದ ನೂರಕ್ಕೆ 70 ಭಾಗವನ್ನು ಮೀರಿದೆಯೇ ಎಂದು ನೋಡುತ್ತಾರೆ.