ಸ್ಪ್ರಿಂಗು, ಗಾಳಿ, ಮೋಟಾರು

1885ರಲ್ಲಿ ಲಂಡನ್ನಿನ ಲಿನ್ಲಿ ಅಂಡ್ ಬಿಗ್ಸ್ ಎಂಬ ಕಂಪನಿ ‘ವಿಪೆಟ್’ ಹೆಸರಿನ ಸೈಕಲ್ಲೊಂದನ್ನು ತಯಾರಿಸಿತು. ಅದಕ್ಕೆ ಒಂದರೊಳಗೊಂದು ಎರಡು ಚೌಕಟ್ಟು. ಹೊರಗಿನದಕ್ಕೆ ಗಾಲಿಗಳು, ಒಳಗಿನದಕ್ಕೆ ಸೀಟು, ಹ್ಯಾಂಡಲ್ ಮತ್ತು ಪೆಡಲ್. ಒಳಗಿನದನ್ನು ಹೊರಗಿನದಕ್ಕೆ ಸ್ಪ್ರಿಂಗಿನಿಂದ ತೂಗುಹಾಕಿದ್ದರು. ಗುಂಡಿ ಬಂದಾಗ ಗಾಲಿಗಳು ಬೇಕಾದರೆ ಕುಣಿಯಲಿ, ಸವಾರ ಮಾತ್ರ ತೊಟ್ಟಿಲಲ್ಲಿ ಕೂತ ಹಾಗೆ ಹೋಗಬೇಕು ಅನ್ನೋದು ಲೆಕ್ಕಾಚಾರ.

ಹತ್ತು ವರ್ಷದ ಮೇಲೆ, 1895ರ ಕೊನೆಯ ದಿನ, ಅಮೆರಿಕದ ಓಹಾಯೋದ ಆಗ್ಡನ್ ಬೋಲ್ಟನ್ ಎಂಬವರಿಗೆ ಎಲೆಕ್ಟ್ರಿಕ್ ಸೈಕಲ್ಲಿನ ಪೇಟೆಂಟ್ ಸಿಕ್ಕಿತು. ಮೋಟಾರು ಹಿಂದಿನ ಗಾಲಿಯ ನಡುವೆ, ಬ್ಯಾಟರಿ ಚೌಕಟ್ಟಿನ ತ್ರಿಕೋನದಲ್ಲಿ. ಇವತ್ತು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಅಂಗಡಿಗೆ ಹೋದರೆ ಬಹುಪಾಲು ಅದೇ ವ್ಯವಸ್ಥೆಯನ್ನೇ ತೋರಿಸುತ್ತಾರೆ.

ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಎಲೆಕ್ಟ್ರಿಕ್ ಸೈಕಲ್ಲಿಗೆ ಬೇಕಾದ ವಿಚಾರಗಳೆಲ್ಲ ಹತ್ತೊಂಬತ್ತನೇ ಶತಮಾನದಲ್ಲೇ ತಯಾರಿದ್ದವು. ಆದರೂ ಕೆಲಸಕ್ಕೆ ಹೋಗಿ ಬರುವವರ ಕಾಲಡಿಗೆ ಅವು ಒಟ್ಟಾಗಿ ಬರಲು ನೂರು ವರ್ಷದ ಮೇಲಾಯಿತು. ಈ ತಡಕ್ಕೆ ಕಾರಣ ಹುಡುಕುತ್ತ ಹೋದರೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಒಂದು ಜಮಾಖರ್ಚಿನ ಪ್ರಶ್ನೆ ಸಿಗುತ್ತದೆ: ರಸ್ತೆ ಕೆಟ್ಟದಾಗಿದ್ದರೆ ಅದರ ಬೆಲೆ ಯಾರು ಕೊಡಬೇಕು?

ಮೊದಮೊದಲು ಕೊಟ್ಟಿದ್ದು ಮೈಮೂಳೆ. 1860ರ ದಶಕದಲ್ಲಿ ಪ್ಯಾರಿಸ್‌ನಿಂದ ಬಂದ ಪೆಡಲ್ ಗಾಡಿಗೆ ಮರದ ಗಾಲಿ, ಅದರ ಮೇಲೆ ಕಬ್ಬಿಣದ ಪಟ್ಟಿ. ಇಂಗ್ಲಿಷರು ಅದಕ್ಕಿಟ್ಟ ಅಡ್ಡಹೆಸರು ಬೋನ್‌ಶೇಕರ್, ಎಲುಬು ಅಲುಗಿಸುವ ಗಾಡಿ. ಆಮೇಲೆ ಬಂದ, ಮುಂದಿನ ಗಾಲಿ ಆಳೆತ್ತರಕ್ಕಿರುತ್ತಿದ್ದ ಸೈಕಲ್ ಆ ಮಟ್ಟಿಗೆ ಎಷ್ಟೋ ವಾಸಿ. ಗಾಲಿ ದೊಡ್ಡದಾದಷ್ಟೂ ಸಣ್ಣ ಗುಂಡಿ ಲೆಕ್ಕಕ್ಕೆ ಬರುವುದಿಲ್ಲ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದರ ಮೇಲಿಂದ ಮುಗ್ಗರಿಸಿದರೆ ನೇರ ತಲೆಯೇ ನೆಲಕ್ಕೆ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಆ ಭಯ ಕಳೆಯಿತು. ಗಾಲಿಗಳು ಚಿಕ್ಕದಾದವು, ಸವಾರ ಕೆಳಗಿಳಿದ, ಕುಲುಕಾಟ ಮತ್ತೆ ಮೇಲೆದ್ದಿತು. ವಿಪೆಟ್ ಹುಟ್ಟಿದ್ದು ಈ ಕುಲುಕಾಟಕ್ಕೆ ಉತ್ತರವಾಗಿ.

ಅದನ್ನು ಮುಗಿಸಿದ್ದು ಒಬ್ಬ ಪಶುವೈದ್ಯ. ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. (ಇದೇ ವಿಚಾರಕ್ಕೆ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ 1845ರಲ್ಲೇ ಪೇಟೆಂಟ್ ಪಡೆದಿದ್ದ, ಡನ್ಲಪ್‌ನ ಪೇಟೆಂಟ್ ಆಮೇಲೆ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು.) ಉದ್ದೇಶ ಮೆತ್ತಗಿನ ಸವಾರಿ, ಅಷ್ಟೇ. ದಪ್ಪ ಟೈರು ನೋಡಿ ಜನ ನಕ್ಕರು. 1889ರಲ್ಲಿ ವಿಲಿಯಂ ಹ್ಯೂಮ್ ಆ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ರೇಸುಗಳನ್ನು ಗೆದ್ದಾಗ ನಗು ನಿಂತಿತು. ಟ್ರೆವರ್ ಪಿಂಚ್ ಮತ್ತು ವೀಬೆ ಬೈಕರ್ (ಹೆಸರು ನಿಜಕ್ಕೂ ಹೀಗೇ) ಎಂಬ ವಿದ್ವಾಂಸರು 1984ರ ಒಂದು ಪ್ರಸಿದ್ಧ ಲೇಖನದಲ್ಲಿ ಈ ಪ್ರಸಂಗವನ್ನೇ ಎತ್ತಿಕೊಂಡಿದ್ದಾರೆ: ಕುಲುಕಾಟಕ್ಕೆ ಮದ್ದಾಗಿ ಬಂದ ವಸ್ತು, ವೇಗದ ವಸ್ತು ಅಂತ ಅರ್ಥ ಬದಲಿಸಿಕೊಂಡು ಗೆದ್ದಿತು. ಭಾಷಾಶಾಸ್ತ್ರ ಓದಿದ ನನ್ನಂಥವರಿಗೆ ಇದು ಪರಿಚಿತ ಚಾಳಿ. ಪದಗಳೂ ಹೀಗೇ ಬದುಕುತ್ತವೆ.

ಗಾಳಿ ಗೆದ್ದು ಸ್ಪ್ರಿಂಗು ಸೋತಿದ್ದಕ್ಕೆ ಸರಳ ಭೌತಶಾಸ್ತ್ರವಿದೆ. ಕಲ್ಲು ಸಿಕ್ಕಾಗ ಗಾಳಿಯ ಟೈರು ಅದನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಇಡೀ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಇಳಿಸುವ ಶ್ರಮ ತಪ್ಪುತ್ತದೆ. ಸ್ಪ್ರಿಂಗಿನ ಚೌಕಟ್ಟಿಗಾದರೋ ತೂಕ ಹೆಚ್ಚು, ಸವೆಯುವ ಕೀಲುಗಳು ಹಲವು. ಅದಕ್ಕಿಂತ ಮುಖ್ಯವಾದ ತೊಂದರೆ, ಜೋರಾಗಿ ತುಳಿದಾಗ ಮೈ ಮೇಲೆ ಕೆಳಗೆ ಆಡುತ್ತದೆ, ಸ್ಪ್ರಿಂಗೂ ಅದರೊಂದಿಗೆ ಆಡುತ್ತದೆ. ಕಾಲಿನ ಬಲದಲ್ಲಿ ಒಂದು ಪಾಲು ಮುಂದೆ ಸಾಗುವ ಬದಲು ಆ ಆಟಕ್ಕೆ ಸೋರುತ್ತದೆ. ಸಾಧಾರಣ ಆರೋಗ್ಯದ ಮನುಷ್ಯ ನಿರಾಯಾಸವಾಗಿ ತುಳಿದರೆ ಹುಟ್ಟುವುದೇ ಸುಮಾರು 100 ವ್ಯಾಟ್ ಶಕ್ತಿ. ಅದರಲ್ಲಿ ದಿನಾ ಸುಂಕ ಕಟ್ಟುವುದು ಯಾರಿಗೂ ಬೇಕಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸ್ಪ್ರಿಂಗಿನ ಚೌಕಟ್ಟುಗಳು ಹೆಚ್ಚುಕಡಿಮೆ ಮಾಯವಾದವು.

ಆ ಕಾಲದ ಒಂದೆರಡು ಕುರುಹು ನಮ್ಮಲ್ಲಿನ್ನೂ ಇವೆ. ಹಾಲಿನವರ, ಪೇಪರಿನವರ ಕಪ್ಪು ಸೈಕಲ್ಲಿನ ಸೀಟಿನಡಿ ಇರುವ ಆ ದಪ್ಪ ಸುರುಳಿಗಳು ವಿಪೆಟ್ ವಂಶದ ಕೊನೆಯ ಕುಡಿ ಅನ್ನಬಹುದು. ಅದೇ ಸೈಕಲ್ಲಿನ ಟ್ಯೂಬಿನಲ್ಲಿ, ಸಣ್ಣ ರಬ್ಬರ್ ನಳಿಕೆ ಹಾಕಿ ಬಿಗಿ ಮಾಡುವ ವಾಲ್ವಿಗೆ ಡನ್ಲಪ್ ವಾಲ್ವ್ ಅಂತಲೇ ಹೆಸರು.

ಸ್ಪ್ರಿಂಗು ಕೆಲಸಕ್ಕೆ ಹೋಗುವವರ ಸೈಕಲ್ಲಿಗೆ ಮರಳಲು ಒಂದು ಗಂಭೀರ ಪ್ರಯತ್ನ ಮಾಡಿದ್ದು 1962ರಲ್ಲಿ. ಅಲೆಕ್ಸ್ ಮೌಲ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ರಬ್ಬರ್ ಕಾರ್ಖಾನೆಯ ಮನೆತನದವನು. ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟವನು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಅವನ ಗಮನ ಸೈಕಲ್ಲಿನತ್ತ ಹೊರಳಿತು. 16 ಇಂಚಿನ ಪುಟ್ಟ ಗಾಲಿ, ಗಟ್ಟಿಯಾಗಿ ಗಾಳಿ ತುಂಬಿದ ತೆಳು ಟೈರು, ಎರಡೂ ಕಡೆ ಸಸ್ಪೆನ್ಷನ್. ಇಲ್ಲೊಂದು ಸೂಕ್ಷ್ಮವಿದೆ. ಬರೀ ಸ್ಪ್ರಿಂಗು ತಗ್ಗಿ ಮತ್ತೆ ಪುಟಿಯುತ್ತದೆ. ಆ ಪುಟಿತವನ್ನು ತಡೆಯುವ ಇನ್ನೊಂದು ವಸ್ತು ಬೇಕು. ರಬ್ಬರು ಒಂದಿಷ್ಟು ಶಕ್ತಿಯನ್ನು ತನ್ನೊಳಗೇ ಶಾಖವಾಗಿಸಿ ಕಳೆಯುವುದರಿಂದ ಆ ಎರಡನೇ ಕೆಲಸವನ್ನೂ ಅಷ್ಟಿಷ್ಟು ಮಾಡುತ್ತದೆ. ಸೈಕಲ್ ಚೆನ್ನಾಗಿ ಮಾರಾಟವಾಯಿತು. ಆಗ ರ‍್ಯಾಲಿ ಕಂಪನಿ 1965ರಲ್ಲಿ ಪೈಪೋಟಿಗೆ ಇಳಿಸಿದ್ದೇನು? ಅದೇ ಪುಟ್ಟ ಗಾಲಿ, ಸಸ್ಪೆನ್ಷನ್ ಮಾತ್ರ ಇಲ್ಲ, ಬದಲಿಗೆ ಬಲೂನಿನಂಥ ದಪ್ಪ ಟೈರು. ಎಂಬತ್ತು ವರ್ಷದ ಹಿಂದಿನ ಅದೇ ಜಗಳ, ಅದೇ ಎರಡು ಪಕ್ಷ. 1967ರಲ್ಲಿ ರ‍್ಯಾಲಿ ಮೌಲ್ಟನ್ ಕಂಪನಿಯನ್ನೇ ಕೊಂಡುಕೊಂಡಿತು. ಕೆಲವು ವರ್ಷಗಳಲ್ಲಿ ಆ ಸೈಕಲ್ ನಿಂತಿತು.

ಆಮೇಲೆ ಸಸ್ಪೆನ್ಷನ್ ಬೆಳೆದದ್ದು ಬೆಟ್ಟದಲ್ಲಿ. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆದ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್‌ನ ಇಳಿಜಾರು ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್ ಹಾಕಿದ ಸೈಕಲ್ಲಿನಲ್ಲಿ ಗೆದ್ದ. ಇಳಿಜಾರಿನಲ್ಲಿ ಸುಂಕ ಕಟ್ಟುವುದು ಗುರುತ್ವಾಕರ್ಷಣೆ, ಕಾಲಲ್ಲ. ಸಸ್ಪೆನ್ಷನ್ ಅಲ್ಲಿ ಸೊಂಪಾಗಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಸಪಾಟು ರಸ್ತೆಗೆ ಬೇರೊಬ್ಬ ಸುಂಕದಾರ ಬೇಕಿತ್ತು.

ಅವನು ಬಂದದ್ದು 1993ರಲ್ಲಿ, ಜಪಾನಿನಿಂದ. ಯಮಾಹಾ ಕಂಪನಿಯ ಪಾಸ್ ಎಂಬ ಸೈಕಲ್ಲಿನಲ್ಲಿ ಮೋಟಾರು ತಾನಾಗಿ ಓಡುತ್ತಿರಲಿಲ್ಲ. ಸವಾರ ಎಷ್ಟು ಬಲ ಹಾಕುತ್ತಾನೆಂದು ಅಳೆದು, ಅದಕ್ಕೆ ತಕ್ಕಂತೆ ಜೊತೆಗೂಡುತ್ತಿತ್ತು. ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಹಾಗಾಗಿ ಜಪಾನಿನ ಕಾನೂನಿನ ಕಣ್ಣಿಗೆ ಅದು ಸೈಕಲ್ಲೇ. ಕನ್ನಡಕ್ಕೆ ಈ ವ್ಯತ್ಯಾಸ ಹೇಳಲು ಕಾನೂನು ಬೇಡ: ಸೈಕಲ್ಲನ್ನು ತುಳಿಯುತ್ತೇವೆ, ಬೈಕನ್ನು ಓಡಿಸುತ್ತೇವೆ. ಹಿಂದಿಯ ‘ಚಲಾನಾ’ ಎರಡಕ್ಕೂ ಸಲ್ಲುತ್ತದೆ. ‘ಇ-ಬೈಕ್’ ಅಂದಾಗ ನಮ್ಮ ಕಡೆಯವರು ಸ್ಕೂಟರನ್ನು ಕಲ್ಪಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಆಗ ಬ್ಯಾಟರಿ ಇನ್ನೂ ಸೀಸದ್ದು. 500 ವ್ಯಾಟ್-ಗಂಟೆ ಶಕ್ತಿ ಬೇಕೆಂದರೆ ಸೀಸದಲ್ಲಿ ಹನ್ನೆರಡು ಕಿಲೋಗೂ ಮೇಲೆ ಹೊರಬೇಕು. ಇವತ್ತಿನ ಲಿಥಿಯಂ ಪೆಟ್ಟಿಗೆಯಲ್ಲಿ ಮೂರು ಕಿಲೋ ಚಿಲ್ಲರೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಸೈಕಲ್ಲಿಗೆ ಒಗ್ಗುವ ಬೆಲೆಗೆ ಇಳಿದ ಮೇಲೆಯೇ ಬೋಲ್ಟನ್‌ನ ಮೋಟಾರೂ ವಿಪೆಟ್‌ನ ಸ್ಪ್ರಿಂಗೂ ಭೇಟಿಯಾಗಿದ್ದು. ಜರ್ಮನಿಯ ರೀಸೆ ಉಂಟ್ ಮುಲ್ಲರ್ ಇದಕ್ಕೆ ಒಳ್ಳೆಯ ಉದಾಹರಣೆ. 1990ರ ದಶಕದಲ್ಲಿ ಬರ್ಡಿ ಎಂಬ ಮಡಚುವ ಸೈಕಲ್ಲಿಗೆ ಎರಡೂ ಕಡೆ ಸಸ್ಪೆನ್ಷನ್ ಕೊಟ್ಟ ಕಂಪನಿ ಅದು. ಇಂದು ಅದರ ಹೆಸರು ಕೇಳಿಬರುವುದು ಎಲೆಕ್ಟ್ರಿಕ್ ಸೈಕಲ್ಲುಗಳಿಂದ.

ಇಂಥದ್ದೊಂದನ್ನು, ಬೇರೆ ಕಂಪನಿಯದ್ದು, ಎರಡು ವರ್ಷದಿಂದ ನಾನು ಪುಣೆಯಲ್ಲಿ ತುಳಿಯುತ್ತಿದ್ದೇನೆ. ತೂಕ 26 ಕಿಲೋ. ವಾರಕ್ಕೆ ಮೂರು ದಿನ ಕೊತ್ರೂಡಿನಿಂದ ಕ್ಯಾಂಪಿಗೆ. ಬ್ಯಾಟರಿ ಆರಿಸಿ ಒಂದು ಕಿಲೋಮೀಟರು ತುಳಿದು ನೋಡಿ, ಇಂಗ್ಲಿಷರು ವಿಪೆಟ್ಟನ್ನು ಯಾಕೆ ಕೈಬಿಟ್ಟರೆಂದು ಮೊಣಕಾಲೇ ಹೇಳುತ್ತದೆ. ಬ್ಯಾಟರಿ ಹಾಕಿದಾಗ ಅದೇ ತೂಕ, ಅದೇ ಜೀಕು ಗಮನಕ್ಕೇ ಬರುವುದಿಲ್ಲ. ಬೆನ್ನು ಮಾತ್ರ ಸಂಜೆ ಸುಮ್ಮನಿರುತ್ತದೆ. ದಿನವಿಡೀ ಕೂತು ಅನುವಾದ ಮಾಡುವವರಿಗೆ ಅದು ಸಣ್ಣ ಲಾಭವಲ್ಲ.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಹೇಳುವುದು ದೊಡ್ಡ ಮೋಟಾರು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 250 ವ್ಯಾಟ್, ಗಂಟೆಗೆ 25 ಕಿಲೋಮೀಟರಿನ ಮಿತಿ ದಾಟಿದರೆ ಅದು ಸೈಕಲ್ಲಲ್ಲ. ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಬರುತ್ತವೆ. ಮೇಲಾಗಿ ಗಾಲಿಯೊಳಗಿನ ಮೋಟಾರಿನ ತೂಕ ಸ್ಪ್ರಿಂಗಿನ ಕೆಳಗಿರುತ್ತದೆ. ಮೋಟಾರು ದಪ್ಪವಾದಷ್ಟೂ ಹಿಂದಿನ ಗಾಲಿ ಗುಂಡಿಯಿಂದ ಏಳುವುದು ನಿಧಾನ. ದೊಡ್ಡ ಬ್ಯಾಟರಿಗೆ ಜಾಗವೂ ಇಲ್ಲ, ತ್ರಿಕೋನದ ನಡುವೆ ಶಾಕ್ ಅಬ್ಸಾರ್ಬರ್ ಕೂತಿದೆ. ದಪ್ಪ ಟೈರು ಹಾಕೋಣವೆಂದರೆ ಫೋರ್ಕಿನ ಅಗಲ ಸಾಲಬೇಕು. ಡನ್ಲಪ್ ಟೈರು ಬಂದಾಗಲೂ ಹಳೆಯ ಸೈಕಲ್ಲುಗಳ ಕಿರಿದಾದ ಫೋರ್ಕಿಗೆ ಅದು ಹಿಡಿಸದೆ ಹೊಸ ಚೌಕಟ್ಟುಗಳೇ ಬೇಕಾದವು.

ಅಂದಿನ ಸವಾರರು ಇನ್ನೊಂದು ಅಪ್‌ಗ್ರೇಡನ್ನೂ ಕೇಳಿದ್ದರು. 1880ರಲ್ಲಿ ಹುಟ್ಟಿದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸೈಕಲ್ ಸವಾರರ ಸಂಘ, ಕಾರು ಬರುವುದಕ್ಕೂ ಮೊದಲೇ, ಒಳ್ಳೆಯ ರಸ್ತೆ ಕೊಡಿ ಎಂದು ದೇಶದುದ್ದಕ್ಕೂ ಚಳವಳಿ ಕಟ್ಟಿತು. ನಾವು ಸಸ್ಪೆನ್ಷನ್ ಕೊಳ್ಳುತ್ತಿದ್ದೇವೆ. ಕೊಳ್ಳಲಾಗದವರು ಅದೇ ಗುಂಡಿಯ ಮೇಲೆ ಕಪ್ಪು ಸೈಕಲ್ ತುಳಿಯುತ್ತಾರೆ, ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು.

ನನ್ನ ಸೈಕಲ್ಲಿನ ಹಿಂದಿನ ಶಾಕ್ ಬರೀ ಸ್ಪ್ರಿಂಗು. ಪುಟಿತ ತಡೆಯುವ ಎಣ್ಣೆ ಅದರಲ್ಲಿಲ್ಲ. ಅದನ್ನು ಬದಲಿಸಬೇಕು. ಎರಡು ತೂತುಗಳ ನಡುವಿನ ಅಂತರ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಬೇಕಾದ್ದರಿಂದ ಹುಡುಕಾಟ ನಡೆದಿದೆ. ಮಳೆಗಾಲ ಮುಗಿಯುವವರೆಗೆ ಟೈರಿನ ಗಾಳಿಯನ್ನೇ ಸ್ವಲ್ಪ ಇಳಿಸಿಕೊಂಡು ಓಡಾಡುತ್ತಿದ್ದೇನೆ.