ದೊಡ್ಡಿಗೆ ಬಿದ್ದ ಗಾಡಿ

ಕಂಡವರ ಹೊಲಕ್ಕೆ ನುಗ್ಗಿದ ತುಡುಗು ದನವನ್ನು ದೊಡ್ಡಿಗೆ ಹೊಡೆಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೆಳಗಾವಿ, ವಿಜಯಪುರದ ಕಡೆ ಅದನ್ನೇ ಕೊಂಡವಾಡ ಎನ್ನುತ್ತಾರೆ; ಮರಾಠಿಯವರ ಮಾತೂ ಅದೇ. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆ ಈ ರೂಢಿಗೆ ಸರ್ಕಾರಿ ಮೊಹರು ಒತ್ತಿತು. ಮಾಲೀಕ ದಂಡದ ಜೊತೆಗೆ ಮೇವಿನ ಖರ್ಚನ್ನೂ ಕಟ್ಟಿ ದನ ಬಿಡಿಸಿಕೊಳ್ಳಬೇಕು. ಏಳು ದಿನದಲ್ಲಿ ಯಾರೂ ಬರದಿದ್ದರೆ ಪೊಲೀಸರಿಗೆ ವರದಿ, ಆಮೇಲೆ ನೋಟಿಸು, ಕೊನೆಗೆ ಹರಾಜು. ಆದರೆ ಬೆಳೆ ಕಳೆದುಕೊಂಡ ರೈತನಿಗೆ? ನಷ್ಟ ತುಂಬಿಕೊಡಿ ಎಂದು ಕೇಳಲು ಅವನು ಬೇರೆ ದಾವೆಯನ್ನೇ ಹೂಡಬೇಕಿತ್ತು.

ಮುಂಬೈಯ ರಸ್ತೆಗಳಲ್ಲಿ ವಿಮೆಯಿಲ್ಲದ ವಾಹನಗಳ ಚರಿತ್ರೆ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ಸಾಗಿದೆ. ಗಾಡಿ ಹಿಡಿಯುವುದನ್ನು ಕಾನೂನು ಬೇಗ ಕಲಿತುಕೊಂಡಿತು. ಗಾಡಿಯಡಿಗೆ ಸಿಕ್ಕವನ ಕಡೆ ತಿರುಗಿ ನೋಡಲು ಅದಕ್ಕೆ ಬಹಳ ಕಾಲ ಹಿಡಿಯಿತು.

ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಮಾರಣಾಂತಿಕ ಅಪಘಾತಗಳ ಕಾಯ್ದೆ ಬಂತು. ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿ ಪರಿಹಾರ ಕೇಳಬಹುದೆಂದು ಅದು ಹೇಳಿತು. 1901ರಲ್ಲಿ ಜಮ್‌ಶೆಟ್‌ಜಿ ಟಾಟಾ ಮುಂಬೈಯಲ್ಲಿ ಕಾರು ಕೊಂಡಾಗಲೂ, ಅದಾಗಿ ಹತ್ತು ವರ್ಷಕ್ಕೆ ಮೋಟಾರು ಟ್ಯಾಕ್ಸಿಗಳು ಕುದುರೆಗಾಡಿಗಳ ಪಕ್ಕ ನಿಂತಾಗಲೂ ಬಡವರ ಕೈಯಲ್ಲಿದ್ದದ್ದು ಈ ಹಳೆಯ ಕಾಯ್ದೆ ಒಂದೇ. ಅದನ್ನು ಬಳಸಬೇಕೆಂದರೆ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು, ವಕೀಲರನ್ನು ಹಿಡಿಯಬೇಕು, ಚಾಲಕನದೇ ತಪ್ಪೆಂದು ಸಾಕ್ಷಿ ಸಮೇತ ತೋರಿಸಬೇಕು. ದುಡಿಯುವ ಕೈಯನ್ನೇ ಕಳೆದುಕೊಂಡ ಮನೆ ಆ ಫೀಗೆ ಎಲ್ಲಿಂದ ತರಬೇಕು? 1914ರ ಭಾರತೀಯ ಮೋಟಾರು ವಾಹನ ಕಾಯ್ದೆ ನೋಂದಣಿ, ಲೈಸೆನ್ಸುಗಳ ಮಾತಾಡಿತು. ವಿಮೆಯನ್ನು ಕಡ್ಡಾಯ ಮಾಡಲಿಲ್ಲ.

ವಿಮೆಯ ವ್ಯಾಪಾರಕ್ಕೇನೂ ಈ ಊರಿನಲ್ಲಿ ಬರವಿರಲಿಲ್ಲ. ಸರ್ ದೊರಾಬ್ಜಿ ಟಾಟಾ 1919ರಲ್ಲೇ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಿದ್ದರು. ಫೋರ್ಟ್‌ನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1930ರ ದಶಕದಲ್ಲಿ ಎದ್ದ ಅದರ ಕಟ್ಟಡದ ಮುಂದೆ ನಿಂತು ತಲೆ ಎತ್ತಿದರೆ ಶಿಲ್ಪಿ ಎನ್. ಜಿ. ಪಾನ್ಸರೆ ಅವರ ಕೈಕೆಲಸ ಕಾಣುತ್ತದೆ. ರೈತ, ಕುಂಬಾರ, ನೂಲುವ ಹೆಂಗಸು: ಮೈಮುರಿದು ದುಡಿಯುವವರ ಉಬ್ಬುಶಿಲ್ಪಗಳು. ಆ ಗೋಡೆಯ ಕೆಳಗಿನ ಫುಟ್‌ಪಾತಿನಲ್ಲಿ ಅಂಥವರೇ ನಡೆಯುತ್ತಿದ್ದರು, ರಾತ್ರಿಯಾದರೆ ಅಂಥವರೇ ಮಲಗುತ್ತಿದ್ದರು. ಮೋಟಾರು ಬಂದು ಗುದ್ದಿದರೆ ಅದರ ಮಾಲೀಕನ ಬಳಿ ಪಾಲಿಸಿ ಇರಲೇಬೇಕೆಂಬ ನಿಯಮ ಆ ಕಟ್ಟಡ ಎದ್ದ ದಿನಗಳಲ್ಲಿ ಇರಲಿಲ್ಲ.

ಇಂಗ್ಲೆಂಡ್ 1930ರಲ್ಲೇ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತ್ತು. ಭಾರತದಲ್ಲಿ 1936–37ರಲ್ಲಿ ಮೋಟಾರು ವಾಹನ ವಿಮಾ ಸಮಿತಿ ಕೂತು ವರದಿ ಕೊಟ್ಟಿತು. 1939ರ ಹೊಸ ಕಾಯ್ದೆಯ ಎಂಟನೆಯ ಅಧ್ಯಾಯ ಹುಟ್ಟಿದ್ದು ಹಾಗೆ. ಕಾಯ್ದೆ ಜಾರಿಯಾದರೂ ಈ ಒಂದು ಅಧ್ಯಾಯವನ್ನು ಮಾತ್ರ ತಡೆದಿಡಲಾಯಿತು. ಮೊದಲು 1943 ಎಂದರು, ಯುದ್ಧದ ನಡುವೆ ಅದೂ ಮುಂದೆ ಹೋಯಿತು. ಕೊನೆಗೆ 1946ರ ಜುಲೈ 1ರಂದು ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಸುವುದು ಅಪರಾಧವಾಯಿತು. ದೇಶಕ್ಕೆ ಸ್ವಾತಂತ್ರ್ಯ ಬರಲು ಆಗ ಒಂದು ವರ್ಷ ಚಿಲ್ಲರೆ ದಿನ ಉಳಿದಿತ್ತು.

‘ಥರ್ಡ್ ಪಾರ್ಟಿ’ ಎಂಬ ಮಾತು ಗ್ಯಾರೇಜಿನವರಿಂದ ಹಿಡಿದು ರಿಕ್ಷಾ ಸ್ಟ್ಯಾಂಡಿನವರ ತನಕ ಎಲ್ಲರ ಬಾಯಲ್ಲೂ ಇದೆ. ಕಂತು ಕಟ್ಟುವವನು ಒಬ್ಬ, ಕಂಪನಿ ಇನ್ನೊಬ್ಬ, ರಸ್ತೆಯಲ್ಲಿ ಪೆಟ್ಟು ತಿನ್ನುವ ಅಪರಿಚಿತ ಮೂರನೆಯವನು. ಕಾನೂನು ಕಡ್ಡಾಯ ಮಾಡಿರುವುದು ಈ ಮೂರನೆಯವನ ವಿಮೆಯನ್ನು ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಉಪನಗರಗಳ ಕಾರುಗಳು ನೀರಿನಡಿ ಮುಳುಗಿದಾಗ, ಬರೀ ಥರ್ಡ್ ಪಾರ್ಟಿ ಮಾಡಿಸಿದ್ದವರಿಗೆ ತಮ್ಮ ಕಾರಿಗೆ ಬಿಡಿಗಾಸೂ ಸಿಗುವಂತಿರಲಿಲ್ಲ. ಆ ಪಾಲಿಸಿ ಇರುವುದೇ ಬೇರೆಯವರಿಗಾಗಿ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು: ಶಾಸಕಾಂಗ ವಿಮೆಯನ್ನು ಕಡ್ಡಾಯ ಮಾಡಿದ್ದು ವಿಮಾ ವ್ಯಾಪಾರ ಬೆಳೆಯಲಿ ಎಂದಲ್ಲ, ಅಪಘಾತಕ್ಕೆ ಸಿಕ್ಕ ಜನರನ್ನು ಕಾಯಲು.

ಕಾಯುವ ಕೆಲಸ ಮಾತ್ರ ಮೆಲ್ಲಮೆಲ್ಲಗೆ ನಡೆಯಿತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಬಂದವು. ದಾವೆ ಹೋಗಿ ಅರ್ಜಿ ಬಂತು. ಲಾರಿ ಗುದ್ದಿದರೆ ವಿಮಾ ಕಂಪನಿ ತೆರಬೇಕಾದ ಮಿತಿ 20,000 ರೂಪಾಯಿ ಇತ್ತು. 1969ರಲ್ಲಿ 50,000, 1982ರಲ್ಲಿ ಒಂದೂವರೆ ಲಕ್ಷ. ಒಂದೇ ಅಪಘಾತದಲ್ಲಿ ಹಲವರಿಗೆ ಪೆಟ್ಟಾದರೆ ಈ ಮಿತಿಯ ಹಣವನ್ನು ಎಲ್ಲರೂ ಹಂಚಿಕೊಳ್ಳಬೇಕೆ? ಇಲ್ಲ, ಮಿತಿ ಒಬ್ಬೊಬ್ಬ ಸಂತ್ರಸ್ತನಿಗೂ ಬೇರೆಬೇರೆಯಾಗಿ ಅನ್ವಯವಾಗುತ್ತದೆ ಎಂದು 1981ರಲ್ಲಿ ತೀರ್ಪು ಕೊಟ್ಟವರು, ಬಾಂಬೆ ಹೈಕೋರ್ಟಿನಿಂದ ದೆಹಲಿಗೆ ಹೋಗಿದ್ದ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್. ಮರುವರ್ಷವೇ, ತಪ್ಪು ಯಾರದೆಂದು ಸಾಬೀತು ಮಾಡದಿದ್ದರೂ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಸಿಗುವಂತಾಯಿತು. ಇಂದಿನ ಕಣ್ಣಿಗೆ ಇದು ಜುಜುಬಿ ಹಣ. ಉಡುಪಿ ಹೋಟೆಲಿಗೆ ಕೆಲಸಕ್ಕೆ ಬಂದ ಹುಡುಗನ ಮನೆಗೆ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವನ ಹೆಂಡತಿಗೆ, ಅಂದು ಅದು ಊರಿಗೆ ಮರಳಿ ನಾಲ್ಕು ಕಾಲ ಬದುಕುವ ದಾರಿ.

ಇಷ್ಟೆಲ್ಲ ಆದರೂ ಒಂದು ದೊಡ್ಡ ತೂತು ಉಳಿದೇ ಇತ್ತು. ಗುದ್ದಿದ ಗಾಡಿಗೆ ವಿಮೆಯೇ ಇಲ್ಲದಿದ್ದರೆ ಹಣ ಕೊಡುವವರು ಯಾರು?

ಮಾಲೀಕನೇ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆದೇಶ ಬರುವ ಹೊತ್ತಿಗೆ ಆ ಮಾಲೀಕ ಎಲ್ಲಿರುತ್ತಾನೋ, ಅವನ ಹೆಸರಿನಲ್ಲಿ ಏನು ಉಳಿದಿರುತ್ತದೋ. ಕಣ್ಣಿಗೆ ಕಾಣುವ ಆಸ್ತಿಯೆಂದರೆ ಠಾಣೆಯ ಅಂಗಳದಲ್ಲಿ ನಿಂತ ಗಾಡಿ ಒಂದೇ. ಅದನ್ನು ಹಿಡಿದಿಡುವ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯ್ದೆ ವಿಚಿತ್ರವಾಗಿದೆ. ರಸ್ತೆಯಲ್ಲಿ ಗಾಡಿ ತಡೆದು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಕೊಡುವುದು 207ನೇ ಕಲಂ. ಲೈಸೆನ್ಸಿಲ್ಲದ ಚಾಲಕ, ನೋಂದಣಿಯಿಲ್ಲದ ವಾಹನ, ಪರ್ಮಿಟ್ ಇಲ್ಲದ ಬಾಡಿಗೆ ಗಾಡಿ, ಎಲ್ಲವೂ ಅದರಲ್ಲಿವೆ. ವಿಮೆಯ ಹೆಸರು ಮಾತ್ರ ಅದರಲ್ಲಿಲ್ಲ. ವಿಮೆಯಿಲ್ಲದವನಿಗೆ 196ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಸಾವಿರ ರೂಪಾಯಿ ಮೂವತ್ತು ವರ್ಷ ಸಾವಿರವಾಗಿಯೇ ಉಳಿಯಿತು. ಕಂತಿಗಿಂತ ದಂಡವೇ ಅಗ್ಗ ಎಂದು ಲೆಕ್ಕ ಹಾಕುವವರಿಗೆ ಕಾನೂನೇ ಅನುವು ಮಾಡಿಕೊಟ್ಟಿತ್ತು.

ಅಪಘಾತವಾದ ಗಾಡಿಯನ್ನು ಪಂಚನಾಮೆ ಮಾಡಿ ಠಾಣೆಗೆ ತರುತ್ತಾರೆ, ನಿಜ. ಆದರೆ ಅದು ಅಲ್ಲಿರುವುದು ಸಾಕ್ಷ್ಯವಾಗಿ. ಜಪ್ತಿಯಾದ ವಾಹನಗಳು ಠಾಣೆಗಳಲ್ಲಿ ಕೊಳೆಯಬಾರದು, ಬಾಂಡು ಬರೆಸಿಕೊಂಡು ಬೇಗ ಸುಪರ್ದಿಗೆ ಕೊಡಿ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಸರಿಯಾದ ಮಾತೇ. ಮುಂಬೈಯ ಠಾಣೆಗಳ ಹಿತ್ತಲನ್ನು ಕಂಡವರಿಗೆ ಅದರ ಕಾರಣ ಗೊತ್ತು. ಗಾಳಿಯಿಳಿದ ಚಕ್ರಗಳು, ಬಾನೆಟ್ಟಿನ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಸಸಿ, ಉಪ್ಪುಗಾಳಿಗೆ ತುಕ್ಕು ತಿಂದು ಮುಟ್ಟಿದರೆ ಹಪ್ಪಳದಂತೆ ಮುರಿಯುವ ಬಾಗಿಲು. ಆದರೆ ವಿಮೆಯಿಲ್ಲದ ಗಾಡಿಯೂ ಇದೇ ದಾರಿಯಲ್ಲಿ ಮಾಲೀಕನ ಮನೆ ಸೇರಿದರೆ ಗಾಯಾಳುವಿಗೆ ಆಧಾರವಾಗಿದ್ದ ಕೊನೆಯ ಸೊತ್ತೂ ಕೈತಪ್ಪಿದಂತೆ. ದನ ಬಿಡಿಸಿಕೊಂಡು ಹೋದ ಮೇಲೆ ಬರಿದಾದ ಹೊಲದ ಬದುವಿನಲ್ಲಿ ನಿಂತ ರೈತನ ಪಾಡು ಅವನದು.

ಆ ತೂತು ಮುಚ್ಚುವ ಕೆಲಸ ಶುರುವಾದದ್ದು 2018ರಲ್ಲಿ. ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕೆಂಬ ಸುಪ್ರೀಂ ಕೋರ್ಟ್ ಆದೇಶ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದೇ ತಿಂಗಳು ಇನ್ನೊಂದು ಆದೇಶ. ದೆಹಲಿಯಲ್ಲಿ ಆಗಲೇ ಇದ್ದ ನಿಯಮವನ್ನು ಎಲ್ಲ ರಾಜ್ಯಗಳೂ ಹನ್ನೆರಡು ವಾರದೊಳಗೆ ತರಬೇಕೆಂದು ಕೋರ್ಟ್ ಹೇಳಿತು. ವಿಮೆಯಿಲ್ಲದ ಗಾಡಿಯಿಂದ ಸಾವುನೋವಾದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಕೊಡುವ ತನಕ ಅದನ್ನು ಬಿಡುವಂತಿಲ್ಲ. ಕೊಡದಿದ್ದರೆ ಮೂರು ತಿಂಗಳ ನಂತರ ಮ್ಯಾಜಿಸ್ಟ್ರೇಟರು ಹರಾಜು ಹಾಕಿಸಿ, ಬಂದ ಹಣವನ್ನು ಹದಿನೈದು ದಿನದಲ್ಲಿ ನ್ಯಾಯಮಂಡಳಿಗೆ ಕಟ್ಟಬೇಕು. ದೊಡ್ಡಿಯ ಹಣ ಹೊಲದವನ ಕಡೆ ತಿರುಗಿದ್ದು ಇಲ್ಲಿ.

2019ರ ತಿದ್ದುಪಡಿ ದಂಡವನ್ನು 2,000ಕ್ಕೆ, ಮತ್ತೆ ಸಿಕ್ಕಿಬಿದ್ದರೆ 4,000ಕ್ಕೆ ಏರಿಸಿತು. ಮಹಾರಾಷ್ಟ್ರ ಹೊಸ ದಂಡಗಳನ್ನು ಜಾರಿಗೆ ತಂದದ್ದು 2021ರ ಡಿಸೆಂಬರಿನಲ್ಲಿ. ಮುಂಬೈಯಲ್ಲಿ 2016ರಿಂದಲೇ ಇ–ಚಲನ್ ಇದೆ, ಸಿಗ್ನಲ್ಲುಗಳಲ್ಲಿ ಕ್ಯಾಮೆರಾಗಳಿವೆ. ಇಷ್ಟಾಗಿಯೂ ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಿಮೆಯಿಲ್ಲದೆ ಓಡುತ್ತಿವೆ ಎಂಬುದನ್ನು 2024ರಲ್ಲಿ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ ಎತ್ತಿ ತೋರಿಸಬೇಕಾಯಿತು.

ಮೂರು ತಿಂಗಳ ಗಡುವೂ ಈ ಊರಿನಲ್ಲಿ ಸಣ್ಣದಲ್ಲ. ಜೂನ್ ಮೊದಲ ವಾರ ಹಿಡಿದ ಗಾಡಿ ಹರಾಜಿಗೆ ಬರುವುದು ಗಣಪತಿ ಹಬ್ಬದ ಹೊತ್ತಿಗೆ. ಅಷ್ಟರಲ್ಲಿ ಇಡೀ ಮಳೆಗಾಲ ಅದರ ಮೇಲೆ ಸುರಿದಿರುತ್ತದೆ. ಸೀಟಿನಲ್ಲಿ ಬೂಷ್ಟು, ಬ್ಯಾಟರಿ ಸತ್ತು ಹೋಗಿರುತ್ತದೆ. ಗುಜರಿಯವರು ಸುತ್ತ ಒಂದು ಸುತ್ತು ಹಾಕಿ, ಕಬ್ಬಿಣದ ತೂಕ ಅಂದಾಜಿಸಿ ಕೂಗುವ ಬೆಲೆಯೇ ನ್ಯಾಯಮಂಡಳಿಯ ಖಾತೆಗೆ ಜಮೆಯಾಗುವ ಹಣ.